ತಪ್ಪಿದ ವಿಮಾನ

ತೀರಿಕೊಂಡ ತಂಗಿಯ ಮುಖವನ್ನು ಕೊನೆಯದಾಗಿ ನೋಡಲು ಪರದೇಶಕ್ಕೆ ಹೊರಟಿದ್ದೆ. ಮೊದಲ ವಿಮಾನ ತಡವಾಗಿ, ನಡುದಾರಿಯಲ್ಲಿ ಹತ್ತಬೇಕಿದ್ದ ಎರಡನೆಯದು ತಪ್ಪಿತು. ಅಳುತ್ತಾ ಫೋನ್ ಮಾಡಿದರೆ ವಿಮಾನ ಕಂಪನಿಯವನು, “ನಾಳೆ ಇನ್ನೊಂದು ಉಂಟಲ್ಲ ಅಜ್ಜಿ” ಎಂದು ನಕ್ಕ. ನಾನು ತಲುಪುವಾಗ ಮಣ್ಣು ಮಾಡಿಯಾಗಿತ್ತು.

ಕೋರ್ಟಿಗೆ ಹೋದೆ. ವರ್ಷಗಳ ಮೇಲೆ ಪರಿಹಾರದ ಚೆಕ್ಕು, ರಾಜಿಪತ್ರ ಹಿಡಿದು ಒಬ್ಬ ಮನೆಗೆ ಬಂದ. ದನಿ ಅದೇ, ಅಂದು ಫೋನಿನಲ್ಲಿ ನಕ್ಕವನದು.

“ಬೇಗ ಸಹಿ ಹಾಕಿ ಅಜ್ಜಿ. ಸಂಜೆ ವಿಮಾನಕ್ಕೆ ಹೋಗ್ಬೇಕು, ರಾತ್ರಿ ಮಗಳ ನಿಶ್ಚಿತಾರ್ಥ.”

“ಓದದೆ ಹಾಕುದು ಹೇಗೆ ಮಾರಾಯ್ರೆ? ನಾನು ಕಲಿತದ್ದು ಎರಡನೇ ಕ್ಲಾಸು.”

ಅಕ್ಷರ ಜೋಡಿಸಿ ಓದಿದೆ. ಮುಗಿಸಿ, ಮತ್ತೆ ಮೊದಲಿನಿಂದ ಓದಿದೆ. ಸಹಿಯಿಲ್ಲದೆ ಅವನು ಹೊರಡುವ ಹಾಗಿರಲಿಲ್ಲ. ಗಡಿಯಾರ ನೋಡಿದ, ಬೆವರಿದ, ಕೊನೆಗೆ ತಲೆ ಹಿಡಿದು ಕುಳಿತ.

“ಹೋಯ್ತು ವಿಮಾನ!”

ಸಹಿ ಹಾಕಿ ಪತ್ರವನ್ನು ಅವನ ಕೈಗಿಟ್ಟೆ.

“ನಾಳೆ ಇನ್ನೊಂದು ಉಂಟಲ್ಲ.”