ಶ್ರೀಮಂಗಲದ ಕೆಂಪು ಚುಕ್ಕೆ

ಸೋಮವಾರದವರೆಗೆ ಉರಿಯುತ್ತಿದ್ದ ಕೆಂಪು ಚುಕ್ಕೆ ಮಂಗಳವಾರ ಆರಿಹೋಯಿತು. ಬುಧವಾರವೂ ಸೊನ್ನೆ. ಚೈತನ್ಯ ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದ. ಸೊನ್ನೆಯೇ.

ಮಡಿಕೇರಿಯ ಆ ಕಚೇರಿಯಲ್ಲಿ ಅವನ ಕೆಲಸವೇ ಅದು. ಜಿಲ್ಲೆಯ ಜನ ಫೋನಿನಲ್ಲಿ ಯಾವ ಕಾಯಿಲೆಯ ಬಗ್ಗೆ ಹುಡುಕುತ್ತಿದ್ದಾರೆ ಎಂದು ನಕ್ಷೆಯಲ್ಲಿ ನೋಡಬೇಕು. ಯಾರು ಹುಡುಕಿದರು ಎಂಬುದು ನಕ್ಷೆಗೆ ತಿಳಿಯದು. ಏನು, ಎಲ್ಲಿಂದ, ಯಾವಾಗ, ಅಷ್ಟೇ. ಒಂದೇ ಕಡೆಯಿಂದ ಜ್ವರದ ಹುಡುಕಾಟ ಏರಿದರೆ ಅಲ್ಲಿಗೆ ಡಾಕ್ಟರ ಜೀಪು ಹೊರಡುತ್ತದೆ.

ಶ್ರೀಮಂಗಲದ ಆಚೆಯ ಒಂದು ಎಸ್ಟೇಟಿನಿಂದ ಹತ್ತು ದಿನದಲ್ಲಿ ಮೂವತ್ತೊಂದು ಹುಡುಕಾಟ ಬಂದಿತ್ತು. 'ಅಜ್ಜಿಗೆ ಜ್ವರ, ಕಣ್ಣು ಕೆಂಪು.' 'ಪಕ್ಕದ ಮನೆ ಮಗುವಿಗೆ ಜ್ವರ, ವಾಂತಿ.' 'ಮಾವನಿಗೆ ಕಾಲಿನ ಮೀನಖಂಡ ನೋವು, ನಿಲ್ಲೋಕೆ ಆಗಲ್ಲ.' ಕೊನೆಯದು ಸೋಮವಾರದ್ದು: 'ನನಗೂ ಜ್ವರ.' ಎಲ್ಲವೂ ಸಂಜೆ ಆರರಿಂದ ಏಳರೊಳಗೆ. ಕೆಲಸ ಮುಗಿಸಿ ಬಂದವರೆಲ್ಲ ಫೋನ್ ಹಿಡಿಯುವ ಹೊತ್ತು ಎಂದುಕೊಂಡಿದ್ದ ಚೈತನ್ಯ. ಇಲಿಜ್ವರವೇ ಇರಬೇಕೆಂದು ಗುರುವಾರಕ್ಕೆ ಜೀಪು ಗೊತ್ತುಮಾಡಿ, ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಪೊನ್ನಪ್ಪನಿಗೂ ಹೇಳಿದ್ದ.

ಈಗ ಸೊನ್ನೆ. ಅವನ ಮೇಲಧಿಕಾರಿ ಪ್ರೇಮಾವತಿ ಮೇಡಂಗೆ ಹಾಲು ಕುಡಿದಷ್ಟು ಸಂತೋಷ.

"ಹೊಗೆ ನಿಂತ ಮೇಲೆ ಬೆಂಕಿ ಎಲ್ಲಿಂದ ಬರುತ್ತಪ್ಪಾ? ಇರೋದು ಒಂದು ಜೀಪು. ಕುಶಾಲನಗರದಲ್ಲಿ ಡೆಂಗಿ ಏರ್ತಾ ಇದೆ, ಅಲ್ಲಿಗೆ ಕಳಿಸು."

ಚೈತನ್ಯ ಕಳಿಸಿದ. ಪೊನ್ನಪ್ಪನಿಗೆ ಫೋನ್ ಮಾಡಿ, ಜ್ವರ ಇಳಿದಿದೆ, ಜೀಪು ಬರುವುದಿಲ್ಲ ಎಂದ. ಕೇಳಲಿಲ್ಲ, ಹೇಳಿದ.

ಆದರೆ ಹಾಳು ಮನಸ್ಸು ಸುಮ್ಮನಿರಬೇಕಲ್ಲ. ಊರಿಗೆ ಊರೇ ಮಲಗಿದ ಜ್ವರ ಒಂದೇ ದಿನಕ್ಕೆ ಎದ್ದು ಹೋಗುತ್ತದೆಯೇ? ಭಾನುವಾರ ಬೈಕ್ ಹತ್ತಿದ. ಪ್ರಿಯಾಳನ್ನು ಕೇಳಿದರೆ ಎಲ್ಲ ಗೊತ್ತಾಗುತ್ತದೆ ಎಂದುಕೊಂಡ.

ಪ್ರಿಯಾ ಆ ಎಸ್ಟೇಟಿನ ಕೂಲಿಯವರ ಸಾಲುಮನೆಯ, ಅಂದರೆ ಲೈನ್ ಮನೆಯ ಹುಡುಗಿ. ಮಳೆಗಾಲಕ್ಕೆ ಮುಂಚೆ ಅವರ ಅಂಗಳದಲ್ಲೇ ನಿಂತು ಅವನು ಭಾಷಣ ಬಿಗಿದಿದ್ದ. "ಕಾಯಿಲೆ ಬಂದರೆ ಫೋನಲ್ಲಿ ಕೇಳಿ. ನೀವು ಕೇಳಿದ್ದು ನಮಗೆ ಗೊತ್ತಾಗುತ್ತೆ, ಜೀಪು ಬರುತ್ತೆ." ಎಲ್ಲರೂ ತಲೆಯಾಡಿಸಿದರು. ಅವಳೊಬ್ಬಳು ಕಿಸಕ್ಕನೆ ನಕ್ಕಿದ್ದಳು.

"ಒಬ್ಬರಿಗೆ ಎಷ್ಟು ಸಲ ಕೇಳ್ಬೇಕು ಸಾರ್?"

"ಒಂದೇ ಸಲ ಸಾಕಮ್ಮ" ಎಂದು ಅವನೂ ನಕ್ಕಿದ್ದ.

ಗೇಟಿನಲ್ಲೇ ಪೊನ್ನಪ್ಪ ಸಿಕ್ಕ. "ಜ್ವರ ಎಲ್ಲಿ ಇಳಿದಿದೆ ಸಾರ್! ನಿನ್ನೆ ಹನ್ನೆರಡು ಜನ ಕೆಲಸಕ್ಕೆ ಬಂದಿಲ್ಲ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವೇ ಇಳಿದಿದೆ ಅಂದ್ರಲ್ಲ. ಕಂಪ್ಯೂಟರ್ ನೋಡಿ ಹೇಳೋರಿಗೆ ನಾನೇನು ಹೇಳೋದು?"

ಚೈತನ್ಯನ ಪಿತ್ತ ನೆತ್ತಿಗೇರಿತು. ಕೆಲಸ ನಿಲ್ಲಬಾರದೆಂದು ಈತನೇ ಎಲ್ಲರ ಫೋನ್ ಕಿತ್ತಿಟ್ಟುಕೊಂಡಿದ್ದಾನೆ! ಬೇರೆ ಇನ್ನೇನು? ಎಸ್ಟೇಟ್ ಆಫೀಸಿನ ಫೋನಿನಿಂದ ಜೀಪಿಗೆ ಹೇಳಿ, ಲೈನಿನತ್ತ ಓಡಿದ. "ಇನ್ನೊಂದು ವಿಷಯ ಸಾರ್..." ಎಂದು ಪೊನ್ನಪ್ಪ ಹಿಂದಿನಿಂದ ಕೂಗಿದ್ದಕ್ಕೆ ತಿರುಗಲೂ ಇಲ್ಲ.

ಮೊದಲ ಮನೆಯ ಜಗಲಿಯಲ್ಲಿ ಪ್ರಿಯಾಳ ಅಜ್ಜಿ ದೊಡ್ಡಿ, ಕಂಬಳಿ ಹೊದ್ದು ನಡುಗುತ್ತಿದ್ದಳು. ಕಣ್ಣು ಕೆಂಡದ ಹಾಗಿತ್ತು. ಪಕ್ಕದಲ್ಲಿ ಅಜ್ಜ ಮಾದ ಕುಕ್ಕುರುಗಾಲಲ್ಲಿ ಕೂತಿದ್ದ.

"ಅಜ್ಜಾ, ರೈಟರ್ ನಿಮ್ಮ ಫೋನೆಲ್ಲ ಕಿತ್ಕೊಂಡ್ರಾ?"

"ಫೋನೆಲ್ಲವಾ?" ಮಾದ ತಲೆಯೆತ್ತಿದ. "ಇಡೀ ಲೈನಿಗೆ ಒಂದೇ ಅಲ್ವಾ ಸಾರ್. ಓದೋಕೆ ಬರೋದೂ ಒಬ್ಳಿಗೇ. ಯಾರು ಮಲಗಿದ್ರೂ ಅವ್ಳೇ ಸಂಜೆ ಬಂಡೆ ಹತ್ತಿ ಕೇಳೋದು. ಅಲ್ಲಿ ಬಿಟ್ರೆ ಸಿಗ್ನಲ್ ಎಲ್ಲಿ?"

ಮೂವತ್ತೊಂದು ಹುಡುಕಾಟ. ಒಂದು ಫೋನು.

"ಆ ಫೋನ್ ಎಲ್ಲಿ ಅಜ್ಜಾ? ತೋರಿಸಿ."

ಮಾದ ಎದ್ದು ಕಾಫಿ ಗಿಡಗಳ ಆಚೆಗೆ ಕೈ ತೋರಿಸಿದ. ಹಸಿಮಣ್ಣಿನ ಗುಡ್ಡೆ, ಮೇಲೆ ನಾಲ್ಕು ಮುಳ್ಳಿನ ಕೊಂಬೆ. ಅಯ್ಯೋ ದೇವರೇ! ಚೈತನ್ಯ ಜಗಲಿಯ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತ. ಮುದುಕ ಅವನ ಬೆನ್ನು ಸವರಿದ.

"ಸತ್ತೋರು ಬಳಸಿದ್ದನ್ನ ಅವರ ಜೊತೇಲೇ ಇಡೋದು ನಮ್ಮ ಪದ್ಧತಿ ಸಾರ್. ಜೀಪು ಬರಲ್ಲ ಅಂತ ರೈಟರ್ ಅಂದ್ರೂ ಗುರುವಾರ ಇಡೀ ದಿನ ದಾರಿ ನೋಡಿದ್ಲು ಪ್ರಿಯಾ. ಇನ್ನೊಂದ್ಸಲ ಬಂಡೆಗೆ ಹೊತ್ಕೊಂಡು ಹೋಗ್ತೀನಿ, ಕೇಳು ಮಗಳೇ ಅಂದ್ರೆ, ಬೇಡ ಅಜ್ಜಾ, ಒಂದೇ ಸಲ ಸಾಕು ಅಂತ ಸಾರ್ ಹೇಳಿದ್ದಾರೆ ಅಂದ್ಲು."