ಉಗುರಿನ ಅಡಿಯ ಇರುವೆ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಕಾಪುವಿನ ಮೋಹಿನಿ ವಜ್ರದ ಉಂಗುರವೊಂದನ್ನು ಸ್ವರ್ಣಲತಾಳ ಮೇಜಿನ ಮೇಲಿಟ್ಟು, "ಇದು ನನ್ನದಲ್ಲ" ಎಂದರು.

ಉಡುಪಿಯಲ್ಲಿ ಹರಳು ಪರೀಕ್ಷೆಗೆ ಕುಳಿತ ಹದಿನಾಲ್ಕು ವರ್ಷಗಳಲ್ಲಿ ಸ್ವರ್ಣಲತಾ ಈ ಮಾತನ್ನು ಎಷ್ಟೋ ಸಲ ಕೇಳಿದ್ದಳು. ಒಳ್ಳೆಯ ಕಲ್ಲು ತೆಗೆದು ಕೆಟ್ಟದ್ದು ಕೂರಿಸಿದ್ದಾರೆ ಎಂಬ ದೂರು ಅದರ ಬೆನ್ನಿಗೇ ಬರುತ್ತಿತ್ತು. ಇಂದಿನ ದೂರು ಮಾತ್ರ ತಲೆಕೆಳಗಾಗಿತ್ತು.

"ನಮ್ಮ ಅಮ್ಮನ ಕಲ್ಲಿನಲ್ಲಿ ಕಪ್ಪು ಚುಕ್ಕೆ ಇತ್ತು ಮೇಡಂ. ಸಣ್ಣವರಿರುವಾಗ ನಾವು ಅದನ್ನು ಪಿಜಿನ್ ಅಂತಿದ್ದೆವು, ಇರುವೆ. ಇದರಲ್ಲಿ ಎಂತದೂ ಇಲ್ಲ. ಯಾರದೋ ಒಳ್ಳೆ ಕಲ್ಲು ನಮಗೆ ಬಂದಿದೆ. ಅವರದ್ದು ಅವರಿಗೆ ಹೋಗಲಿ, ಅಮ್ಮನದ್ದು ನನಗೆ ಕೊಡಿ."

"ಬಾಯಿ ಮುಚ್ಚಿ ಹಾಕ್ಕೊ ಮಾರಾಯ್ತಿ ಅಂತ ಹೇಳಿದೆ, ಕೇಳಲಿಲ್ಲ," ಎಂದರು ಪಕ್ಕದಲ್ಲಿದ್ದ ಗಂಡ ಸುಂದರ. "ಬಂಗುಡೆ ಮೀನಿಗೆ ದುಡ್ಡು ಕೊಟ್ಟು ದುಬಾರಿ ಅಂಜಲ್ ಸಿಕ್ಕಿದರೆ ಯಾರಾದರೂ ವಾಪಸ್ ಕೊಡ್ತಾರಾ?"

"ಬಂಗುಡೆ ಅಮ್ಮನದ್ದಾದರೆ ನಾನು ಅಂಜಲ್ ವಾಪಸ್ ಕೊಡ್ತೇನೆ."

ಉಂಗುರ ದುರಸ್ತಿ ಮಾಡಿದ ಚೆನ್ನಪ್ಪ ಆಚಾರ್ಯರು ಕೆಳಗಿನ ತಮ್ಮ ಅಂಗಡಿಯಿಂದ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತಿದ್ದರು. ಕಲ್ಲನ್ನು ನಾಲ್ಕು ಕಡೆಯಿಂದ ಹಿಡಿಯುವ ಚಿನ್ನದ ಉಗುರುಗಳು ಸವೆದಿದ್ದವು. ಅವನ್ನು ಹೊಸದಾಗಿ ಕಟ್ಟಿಕೊಟ್ಟದ್ದು ಅವರು. ಕದ್ದರು ಎಂದರೆ ಅಕ್ಕಸಾಲಿಗ ಜಗಳ ಮಾಡಿಯಾನು. ಕಲ್ಲು ಅದಲುಬದಲಾಯಿತು ಎಂದರೆ ಜಗಳಕ್ಕೂ ಮುಖವಿರುವುದಿಲ್ಲ. ಆ ಸುದ್ದಿ ಸಂಜೆಯೊಳಗೆ ರಥಬೀದಿ ಸುತ್ತಿದರೆ ನಲವತ್ತು ವರ್ಷದ ಹೆಸರು ಅಲ್ಲಿಗೆ ಮುಗಿಯಿತು.

ಸ್ವರ್ಣಲತಾ ಯಾರಿಗೂ ಸಮಾಧಾನ ಹೇಳಲು ಹೋಗಲಿಲ್ಲ. ಕಪಾಟಿನಿಂದ ಮೂರು ವಾರದ ಹಿಂದಿನ ಚೀಟಿ ತೆಗೆದಳು. ದುರಸ್ತಿಗೆ ಮುನ್ನ ಕಲ್ಲನ್ನು ಬಿಡಿಸಿ ಪರೀಕ್ಷೆಗೆ ಕಳಿಸುವುದು ಆಚಾರ್ಯರ ಪದ್ಧತಿ. ಚೀಟಿಯಲ್ಲಿ ಅವಳೇ ಬರೆದ ಚಿತ್ರವಿತ್ತು: ಗಡಿಯಾರದ ಲೆಕ್ಕದಲ್ಲಿ ಮೂರರ ಜಾಗದಲ್ಲಿ, ಅಂಚಿಗೆ ತಾಗಿದಂತೆ ಕಪ್ಪು ಚುಕ್ಕೆ, ಐದರ ಜಾಗದಲ್ಲಿ ಬರಿಗಣ್ಣಿಗೆ ಕಾಣದ ಒಂದು ಬಿಳಿ ಕೂದಲೆಳೆ. ದರ್ಜೆ: ಎಸ್‌ಐ ಟು. ಹತ್ತು ಪಟ್ಟು ದೊಡ್ಡದಾಗಿಸಿ ನೋಡಿದಾಗ ಒಳಗೆ ಏನೇನು ಕಾಣುತ್ತದೆ ಎಂಬುದರ ಮೇಲೆ ನಿಲ್ಲುವ ದರ್ಜೆ ಅದು. ಇದೇ ತೂಕದ, ಇದೇ ಬಣ್ಣದ ಕಲ್ಲು ಎರಡು ಮೆಟ್ಟಿಲು ಮೇಲಿದ್ದರೆ ಬೆಲೆ ಸುಮಾರು ಒಂದೂವರೆ ಪಟ್ಟು.

ಅವಳು ಉಂಗುರವನ್ನು ದೀಪದ ಕೆಳಗೆ ಹಿಡಿದು ಮಸೂರದಲ್ಲಿ ನೋಡಿದಳು. ಮೆಲ್ಲನೆ ತಿರುಗಿಸಿದಳು. ಕೂದಲೆಳೆ ಸಿಕ್ಕಿತು. ಅದೇ ಉದ್ದ, ಅದೇ ಬಾಗು. ಅಲ್ಲಿಂದ ಎರಡು ಗಂಟೆಯಷ್ಟು ಹಿಂದಕ್ಕೆ ಲೆಕ್ಕ ಹಾಕಿದಳು. ಆ ಜಾಗದಲ್ಲಿ ಚಿನ್ನದ ಉಗುರೊಂದು ಕುಳಿತಿತ್ತು.

"ಕಲ್ಲು ನಿಮ್ಮದೇ. ಇರುವೆ ಈ ಉಗುರಿನ ಅಡಿಯಲ್ಲಿ ಉಂಟು."

ಆಚಾರ್ಯರಿಗೆ ಆಗ ಉಸಿರು ಬಂತು. "ಓ, ಅದಾ? ಮರೆತೇ ಹೋಗಿತ್ತು. ಮುಚ್ಚಿದ್ದು ನಾನೇ. ಅಂಚಿನಲ್ಲಿ ಮಚ್ಚೆ ಇದ್ದರೆ ಕಲ್ಲನ್ನು ತಿರುಗಿಸಿ ಉಗುರಿನ ಅಡಿಗೆ ತರಬೇಕು ಅಂತ ಅಪ್ಪ ಕಲಿಸಿದ್ದು. ಅದು ಕೆಲಸದ ಚೆಂದ ಅಲ್ವಾ?"

"ಹೇಳಬಾರದಿತ್ತಾ ಆಚಾರ್ರೇ?" ಸ್ವರ್ಣಲತಾ ಕೇಳಿದಳು.

"ಅಂಗಿಗೆ ಇಸ್ತ್ರಿ ಹಾಕಿದ್ದನ್ನು ಹೇಳಿಕೊಂಡು ತಿರುಗ್ತಾರಾ ಅಕ್ಕ?"

ಮೋಹಿನಿ ಚೀಟಿಯ ಚಿತ್ರವನ್ನು ನೋಡಿದರು, ಉಂಗುರವನ್ನು ನೋಡಿದರು, ಇಲ್ಲವೆಂದು ತಲೆಯಾಡಿಸಿದರು. ಚಿತ್ರದ ಚುಕ್ಕೆಯನ್ನು ಯಾರು ಬೇಕಾದರೂ ಬರೆಯಬಹುದು.

"ಉಗುರು ಎಬ್ಬಿಸಿ ಆಚಾರ್ರೇ," ಎಂದಳು ಸ್ವರ್ಣಲತಾ.

"ಎಬ್ಬಿಸಿದ ಮೇಲೆ ಅಲ್ಲಿ ಇಲ್ಲದಿದ್ದರೆ?" ಎಂದರು ಮೋಹಿನಿ.

"ಇರುತ್ತದೆ."

ಆಚಾರ್ಯರು ಸಣ್ಣ ಇಕ್ಕುಳ ತಂದರು. ತಾವೇ ಕಟ್ಟಿದ್ದನ್ನು ತಾವೇ ಬಿಡಿಸುವಾಗ ಅವರ ಕೆಳದುಟಿ ಹಲ್ಲಿನಡಿಯಲ್ಲಿತ್ತು. ಉಗುರು ಕೂದಲಿನಷ್ಟು ಎದ್ದಿತು, ಇನ್ನಷ್ಟು ಎದ್ದಿತು. ಸ್ವರ್ಣಲತಾ ಮಸೂರವನ್ನು ಮುಂದೆ ಚಾಚಿದಳು. ಮೋಹಿನಿಗೆ ಅದು ಬೇಕಾಗಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಾಗಿದರು.

"ಪಿಜಿನ್," ಎಂದರು. ಕಲ್ಲನ್ನು ಬೆರಳಿನಿಂದ ಒಮ್ಮೆ ಸವರಿದರು.

ಸುಂದರ ಗಂಟಲು ಸರಿ ಮಾಡಿಕೊಂಡರು. "ಹಾಗಾದರೆ ಮೇಡಂ, ಮುಚ್ಚಿಯೇ ಇಟ್ಟರೆ ರೇಟು ಹೆಚ್ಚು ಸಿಗುವುದಾ?"

"ಕಣ್ಣಿಗೆ ಚೆಂದ ಕಾಣುತ್ತದೆ. ದರ್ಜೆ ಬದಲಾಗುವುದಿಲ್ಲ. ಮಾರುವಾಗ ಗೊತ್ತಿದ್ದವರು ಕಲ್ಲನ್ನು ಬಿಡಿಸಿಯೇ ನೋಡ್ತಾರೆ."

"ಮಾರುವವರು ಯಾರು?" ಮೋಹಿನಿ ಉಂಗುರವನ್ನು ಆಚಾರ್ಯರ ಕಡೆ ತಳ್ಳಿದರು. "ಅದು ಕಾಣುವ ಹಾಗೆ ಕೂರಿಸಿ. ನಡುವಿಗೆ ಬರಲಿ, ಎರಡು ಉಗುರಿನ ಮಧ್ಯಕ್ಕೆ."

"ಮಚ್ಚೆ ತೋರಿಸಿ ಕಟ್ಟಿದ್ದು ಯಾರು ಅಂತ ಕೇಳಿದರೆ ನನ್ನ ಹೆಸರು ಹೇಳಬೇಡಿ ಅಕ್ಕ."

"ಖಂಡಿತ ಹೇಳ್ತೇನೆ."

ಹನ್ನೊಂದೂವರೆಗೆ ಉಂಗುರ ಸಿದ್ಧವಾಯಿತು. ಸ್ವರ್ಣಲತಾ ಮತ್ತೊಮ್ಮೆ ನೋಡಿ, ಹಳೆಯ ಚೀಟಿಯ ಕೆಳಗೆ ದಿನಾಂಕ ಹಾಕಿ, "ಚುಕ್ಕೆ ಉಗುರಿನ ಅಡಿಯಲ್ಲಿಲ್ಲ" ಎಂದು ಬರೆದಳು. ದಂಪತಿ ಕಾಪುವಿನ ಬಸ್ಸು ಹಿಡಿದರು.

ಅಂದಿನಿಂದ ಚೆನ್ನಪ್ಪ ಆಚಾರ್ಯರು ಉಗುರು ಬಗ್ಗಿಸುವ ಮೊದಲು ಗಿರಾಕಿಗಳನ್ನು ಕೇಳುತ್ತಾರೆ: ಮಚ್ಚೆ ಉಂಟು, ಮುಚ್ಚಬೇಕಾ ಬೇಡವಾ? ಮೊದಲ ತಿಂಗಳು ಹನ್ನೊಂದು ಮಂದಿಯನ್ನು ಕೇಳಿದರು. ಹತ್ತು ಮಂದಿ ಮುಚ್ಚಿ ಎಂದರು. ಹನ್ನೊಂದನೆಯವರು, ಎಲ್ಲಿ ಉಂಟು, ಮೊದಲು ತೋರಿಸಿ ಎಂದರು.