ನಟರಾಜನ ಎಡೆ

ಬಾಗಿಲು ಮುಚ್ಚಿಯಾಗಿತ್ತು. ಒಳಗೆ ನಟರಾಜ ಉಣ್ಣುತ್ತಿದ್ದಾನೆ ಎಂದು ಜಗಲಿಯ ಮೇಲೆ ಕೂತವರು ದನಿ ತಗ್ಗಿಸಿ ಮಾತಾಡುತ್ತಿದ್ದರು. ನಟರಾಜ ಸತ್ತು ಎರಡು ವರ್ಷವಾಗಿತ್ತು.

ದಿವ್ಯ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಗಂಡನ ಫೋಟೊದ ಮುಂದೆ ಬಾಳೆಯೆಲೆ ಹಾಸಿ ಮುದ್ದೆ, ಬಾಡಿನ ಸಾರು, ಒಡೆ, ಎಳ್ಳು ಮೆತ್ತಿದ ಕಜ್ಜಾಯ ಎಲ್ಲವನ್ನೂ ಬಡಿಸಿದ್ದು ಅವಳೇ. ಧೂಪ ಹಾಕಿದ ಮೇಲೆ ಮನೆಮಂದಿ ಹೊರಗೆ ಬರಬೇಕು. ಹೋದವರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಕಾಲಿಡಬಾರದು. ಮಾರ್ನಮಿ ಅಮಾವಾಸ್ಯೆಯ ಸಂಜೆ ತಗಡೂರಿನ ಆ ಬೀದಿಯಲ್ಲಿ ಎಲ್ಲರ ಬಾಗಿಲೂ ಹೀಗೇ ಮುಚ್ಚಿರುತ್ತದೆ.

ಹೋದ ವರ್ಷ ಅವಳು ಒಳಗೆ ಕಾಲಿಟ್ಟಿದ್ದಳು.

ನೀರು ತರುವ ನೆಪದಲ್ಲಿ ಹಿತ್ತಿಲಿಗೆ ಹೋಗಿ, ಹಿಂಬಾಗಿಲು ತಳ್ಳಿ, ಗಂಡನ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಜ್ಜಾಯವನ್ನೆಲ್ಲ ತಿಂದಿದ್ದಳು. ಹಸಿವಿರಲಿಲ್ಲ. ನಟರಾಜ ಹೋದಂದಿನಿಂದ ಅವಳು ಹಸಿವಿಗೆ ತಿಂದದ್ದೇ ಇಲ್ಲ. ಕೆಲಸ ಮುಗಿಸಿ ನಂಜನಗೂಡಿನ ಬಸ್ ಸ್ಟ್ಯಾಂಡ್ ಹತ್ತಿರ ಪಫ್ಸು, ಬಸ್ಸಿನಲ್ಲಿ ಬನ್ನು, ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಬಿಸ್ಕತ್ತು. ಕೈ ನಿಲ್ಲುತ್ತಿರಲಿಲ್ಲ. ಎಡೆಯ ಮುಂದೆಯೂ ನಿಲ್ಲಲಿಲ್ಲ.

ಬಾಗಿಲು ತೆಗೆದಾಗ ಗಂಡನ ಚಿಕ್ಕಪ್ಪ ಕುಮಾರ ಎಲೆಯನ್ನು ನೋಡಿ, "ಯಾವ್ದೋ ಬೆಕ್ಕು ನುಗ್ಗ್ಯದೆ," ಎಂದಿದ್ದ.

"ಬೆಕ್ಕು ಬಾಡು ಬುಟ್ಟು ಕಜ್ಜಾಯ ತಿಂದದ? ನನ್ ಮಗ ಬಂದವ್ನೆ." ಅತ್ತೆ ಚಲುವಮ್ಮ ಅವಳನ್ನು ಎಳೆದು ಅಪ್ಪಿಕೊಂಡು, ಸೆರಗಿನಿಂದ ಮುಖ ಒರೆಸಿದ್ದರು. "ಅಳಬ್ಯಾಡ ಕಣವ್ವ, ಉಂಡವ್ನೆ."

ದಿವ್ಯ ಅಳುತ್ತಿರಲಿಲ್ಲ. ಅವಳಿಗೆ ಅಳು ಬರುವುದು ನಿಂತು ಬಹಳ ದಿನವಾಗಿತ್ತು.

ಚಲುವಮ್ಮ ಬೀದಿಗೆಲ್ಲ ಅದನ್ನೇ ಹೇಳಿಕೊಂಡು ಬಂದರು. ಮಗ ಹೋದ ಮೇಲೆ ಮೂಲೆ ಹಿಡಿದಿದ್ದವರು ಎದ್ದು ಒಲೆ ಹಚ್ಚತೊಡಗಿದರು. ತಾನು ಕದ್ದು ತಿಂದದ್ದು ಅತ್ತೆಯ ಪಾಲಿಗೆ ಮಗ ಬಂದ ಗುರುತಾಯಿತಲ್ಲ ಎಂದು ದಿವ್ಯಳಿಗೆ ಅನ್ನಿಸಿತ್ತು. ಅವರು ಒಲೆಯ ಮುಂದೆ ಕೂತಾಗೆಲ್ಲ ದಿವ್ಯ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಭಾನುವಾರಗಳಂದು ಟಿ. ನರಸೀಪುರಕ್ಕೆ ಹೋಗತೊಡಗಿದಾಗ ಅತ್ತೆಗೆ ಹೇಳಿದ್ದು, ಪ್ರಾರ್ಥನೆಗೆ ಎಂದಷ್ಟೇ. ಸುಳ್ಳಲ್ಲ. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳಂಥವರೇ ಕೆಲವರು ದುಂಡಗೆ ಕೂರುತ್ತಿದ್ದರು. ತಿನ್ನುವುದರ ಮುಂದೆ ಸೋತಿದ್ದೇವೆ ಎಂದು ಒಪ್ಪಿಕೊಳ್ಳುವುದು ಅವರ ಹನ್ನೆರಡು ಹೆಜ್ಜೆಗಳಲ್ಲಿ ಮೊದಲನೆಯದು. ಕಣ್ಣು ಮುಚ್ಚಿ ಧ್ಯಾನ. ಕೊನೆಗೆ ಪಕ್ಕದವರ ಕೈ ಹಿಡಿದು ಪ್ರಾರ್ಥನೆ. ನಿನ್ನ ದೇವರು ಯಾವುದೆಂದು ಯಾರೂ ಕೇಳುತ್ತಿರಲಿಲ್ಲ, ನಿನ್ನ ಬೀದಿ ಯಾವುದೆಂದೂ.

ನೋಯಿಸಿದವರ ಬಳಿ ಹೋಗಿ ತಪ್ಪು ಸರಿಪಡಿಸಿಕೊಳ್ಳುವ ಹೆಜ್ಜೆಗೆ ಬಂದು ದಿವ್ಯ ನಿಂತುಬಿಟ್ಟಿದ್ದಳು. ಅವಳಿಗಿಂತ ಮೊದಲು ಆ ದಾರಿ ಹಿಡಿದು, ಈಗ ಅವಳನ್ನು ಕರೆದೊಯ್ಯುತ್ತಿದ್ದ ನಂದಿತಾ ಮೇಡಂಗೆ ಬೆಳಿಗ್ಗೆ ಫೋನ್ ಮಾಡಿದ್ದಳು.

"ಅತ್ತೆಗೆ ಹೇಳಿಬಿಡ್ಲಾ ಮೇಡಂ?"

"ಹೇಳಿದ್ರೆ ಯಾರ ಹೊರೆ ಇಳಿಯುತ್ತೆ? ನಿಂದಾ, ಅವರದಾ? ಅವರಿಗೇ ಪೆಟ್ಟಾಗೋ ಹಾಗಿದ್ರೆ ಹೇಳೋ ಹಾಗಿಲ್ಲಮ್ಮ."

ಈ ಸಲ ಅವಳು ಒಳಗೆ ಹೋಗುವುದಿಲ್ಲ. ಒಂದು ಚೂರು ಬಾಯಿಗೆ ಬಿದ್ದರೂ ಮತ್ತೆ ಕೈ ನಿಲ್ಲುವುದಿಲ್ಲ. ಆದರೆ ಎಲೆ ಇಟ್ಟ ಹಾಗೇ ಇದ್ದರೆ? ಮಗ ಬರಲಿಲ್ಲವೆಂದು ಅತ್ತೆ ಮತ್ತೆ ಮೂಲೆ ಹಿಡಿಯುತ್ತಾರೆ.

ಬೆಳಿಗ್ಗೆ ಚಲುವಮ್ಮ ಎಡೆಗೆ ಬೇಕಾದಷ್ಟೇ ಕಜ್ಜಾಯ ಸುಟ್ಟು, ಉಳಿದ ಹಿಟ್ಟನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದರು. "ನಂಗೆ ಸಕ್ರೆ ಕಾಯ್ಲೆ, ಬಾಯ್ಗಿಕ್ಕಂಗಿಲ್ಲ. ಇನ್ಯಾರು ತಿಂದಾರು ಈ ಮನೇಲಿ?" ಆ ಮಾತು ದಿವ್ಯಳಿಗೆ ಮುಳ್ಳಿನಂತೆ ನಾಟಿತ್ತು.

"ತೆಗೀರಿ ಅತ್ಗೆ, ಬಾಡು ಆರೋಯ್ತದೆ," ಎಂದ ಕುಮಾರ. "ಸತ್ತೋರ್ಗೆ ಹಸಿವಿಲ್ದಿದ್ರೂ ನಂಗದೆ."

"ನಿಂಗ್ಯಾವತ್ತು ಹಸಿವಿರ್ನಿಲ್ಲ?" ಎಂದರು ಚಲುವಮ್ಮ.

"ಈ ಸಲಾನೂ ನಟರಾಜ ಉಂಡಿದ್ರೆ ಕೈ ಮುಗೀತೀನಿ. ಇಲ್ದಿದ್ರೆ ಓದ್ವರ್ಸ ತಿಂದ ಬೆಕ್ಕು ಯಾವ್ದು ಅಂತ ಕೇಳ್ತೀನಿ ಅಷ್ಟೇ." ಅವನು ದಿವ್ಯಳ ಕಡೆ ನೋಡಿ ನಕ್ಕ.

"ತಡಿ, ಕೋಳಿ ಮುಚ್ಚಿ ಬತ್ತೀನಿ," ಎಂದು ಚಲುವಮ್ಮ ಸಂದಿಯಲ್ಲಿ ಹಿತ್ತಿಲಿಗೆ ನಡೆದು ಹೋದರು.

ದಿವ್ಯ ಕಣ್ಣು ಮುಚ್ಚಿದಳು. ಉಸಿರಿನ ಜೊತೆ ಒಳಗೆ ಬಂದದ್ದು ಬೆಲ್ಲದ ವಾಸನೆ. ಬಾಯಲ್ಲಿ ನೀರೂರಿತು. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ನರಸೀಪುರದ ಕೋಣೆಯಲ್ಲಿ ತನ್ನ ಕೈ ಹಿಡಿಯುವವರನ್ನು ಒಬ್ಬೊಬ್ಬರಾಗಿ ನೆನೆದಳು. ಯಾರಿಗೆಂದು ತಿಳಿಯದೆ ಬೇಡಿಕೊಂಡಳು: ಇವತ್ತೊಂದು ದಿನ ಈ ಕೈ ಹಿಡಿದುಕೊ. ಅದರ ಹಿಂದೆಯೇ ಇನ್ನೊಂದು ಬೇಡಿಕೆ ಬಂತು, ಇದು ಯಾರಿಗೆಂದು ಗೊತ್ತಿತ್ತು: ನೀವೇ ಬಂದು ತಿಂದು ಹೋಗಿ, ನಿಮ್ಮವ್ವನಿಗೋಸ್ಕರ.

ಭುಜದ ಮೇಲೆ ಅತ್ತೆಯ ಕೈ ಬಿತ್ತು. "ಏಳವ್ವ, ನೀನೇ ತೆಗಿ."

ಎಲೆ ಹಾಗೇ ಇದ್ದರೆ ನಿಜ ಹೇಳಿಬಿಡುವುದೆಂದು ದಿವ್ಯ ಬಾಗಿಲು ತಳ್ಳಿದಳು.

ಮುದ್ದೆ ಇಟ್ಟಂತೇ ಇತ್ತು. ಬಾಡು ಇತ್ತು. ಒಡೆ ಇತ್ತು. ಕಜ್ಜಾಯ ಇರಲಿಲ್ಲ.

ಕುಮಾರ ಎಲೆಯನ್ನೇ ನೋಡುತ್ತ ನಿಂತ. ಆಮೇಲೆ ಹಿಂದಕ್ಕೆ ಸರಿದು, ಹೇಳಿದಂತೆ ಕೈ ಮುಗಿದ.

"ಬಂದವ್ನೆ," ಎಂದರು ಚಲುವಮ್ಮ.

ದಿವ್ಯ ಒಂದು ಗಳಿಗೆ ನಂಬಿದಳು. ನಂಬಿದ ಸುಖದಲ್ಲೇ ಅತ್ತೆಯ ಕಡೆ ತಿರುಗಿದಳು. ದೀಪದ ಬೆಳಕಿನಲ್ಲಿ ಅವರ ಗಲ್ಲದ ಮೇಲೆ ಒಂದು ಎಳ್ಳು ಅಂಟಿಕೊಂಡಿತ್ತು.

ಅವಳು ಬೆರಳ ತುದಿಯಿಂದ ಅದನ್ನು ತೆಗೆದಳು.

ಚಲುವಮ್ಮ ಆ ಬೆರಳನ್ನು ಹಿಡಿದುಕೊಂಡು, ಕುಮಾರನಿಗೆ ಕೇಳಿಸದಂತೆ ಅಂದರು: "ಓದ್ವರ್ಸ ನಿನ್ ಗಲ್ಲದ ಮ್ಯಾಲಿತ್ತು ಕಣವ್ವ. ಅದ್ಕೇ ಒರ್ಸಿದ್ದು."